ಸೀಟು ಖಾಲಿ ಇದ್ದರೆ ಮಾತ್ರ ಊರಿಗೆ

"ಎರಡು ಸೀಟ್ ಖಾಲಿ ಅದಾವ್ರಿ ಮ್ಯಾಡಮ್, ಆದ್ರ ವೇಟ್ ಇಲ್ಲ."

ಗಣೇಶ ಹಬ್ಬ ಮುಗಿಸಿಕೊಂಡು ಬೆಂಗಳೂರಿಗೆ ಡ್ಯೂಟಿಗೆ ಹೊರಟಿದ್ದೆ. ಗೋಕುಲ ರೋಡಿನ ಏರ್‌ಪೋರ್ಟಿನಲ್ಲಿ ಕೌಂಟರ್ ಪಕ್ಕ ನಿಂತು ಒಂದೂವರೆ ತಾಸಾಗಿತ್ತು. ಹೆಗಲಿಗೊಂದು ಬ್ಯಾಗು, ಕೈಯಲ್ಲಿ ಪೇಡೆ ಡಬ್ಬಿ. ಕೌಂಟರಿನ ಹುಡುಗ ಇಷ್ಟು ಹೇಳಿ ಪಾಪ ತಲೆ ಕೆಳಗೆ ಹಾಕಿದ. ನಾನು ಏನೂ ವಾದ ಮಾಡಲಿಲ್ಲ. ನಾನೂ ಇದೇ ಲೈನಿನವಳು, ಅವನ ಕೈಯಲ್ಲಿ ಏನೂ ಇಲ್ಲ ಅಂತ ಗೊತ್ತು. ವೇಟ್ ಅಂದರೆ ತೂಕ, ವಿಮಾನ ಹೊರಬಹುದಾದ ಮಿತಿ ಮುಗಿದಿದೆ ಅಂತ ಅರ್ಥ. ಅದು 78 ಸೀಟಿನ ಎಟಿಆರ್, ಫ್ಯಾನಿನ ಸಣ್ಣ ವಿಮಾನ. ಹೊರಗೆ ಮಳೆ. ಮಳೆಗಾಲದಲ್ಲಿ ಇಳಿಯಲಾಗದೆ ಸುತ್ತು ಹಾಕಬೇಕಾಗಬಹುದು, ಬೇರೆ ಊರಿಗೆ ತಿರುಗಬೇಕಾಗಬಹುದು, ಅದಕ್ಕೆಲ್ಲ ಇಂಧನ ಜಾಸ್ತಿ ತುಂಬಿಸಿಕೊಳ್ಳುತ್ತಾರೆ. ಇಂಧನದ ತೂಕ ಏರಿದರೆ ಜನರ ತೂಕ ಇಳಿಯಬೇಕು. ಆಗ ಮೊದಲು ಬಿಟ್ಟುಹೋಗುವುದು, ಸೀಟು ಉಳಿದರೆ ಮಾತ್ರ ಹತ್ತುವ ನನ್ನಂಥ ವಿಮಾನ ಸಿಬ್ಬಂದಿಯೇ.

ಅವ್ವನಿಗೆ ಫೋನ್ ಮಾಡಿದೆ. "ನಿಂದು ಫ್ರೀ ಟಿಕೀಟ್ ಐತಿ ಅಂತ ಓಣಿ ತುಂಬ ಹೇಳೇನಿ. ಈಗ ಬಸ್‌ಸ್ಟ್ಯಾಂಡಿಗೆ ಹೊಂಟಿ ಅಂದ್ರ ಮಂದಿಗೆ ಏನ್ ಹೇಳ್ಲಿ?"

ಮೊದಲನೆಯದಾಗಿ ಅದು ಫ್ರೀ ಅಲ್ಲ ಅವ್ವಾ.

ನಾನು ಕ್ಯಾಬಿನ್ ಕ್ರೂ, ಅಂದರೆ ವಿಮಾನದೊಳಗೆ ಪ್ರಯಾಣಿಕರನ್ನು ನೋಡಿಕೊಳ್ಳುವವಳು. ಬೇಸ್, ಅಂದರೆ ಡ್ಯೂಟಿ ಶುರುವಾಗುವ ಊರು, ಬೆಂಗಳೂರು. ನಮ್ಮ ಕಂಪನಿಯ ವಿಮಾನ ಹುಬ್ಬಳ್ಳಿಗೆ ಬರುವುದಿಲ್ಲ, ಆದರೆ ನನ್ನ ಮನೆ ಇರೋದು ಉಣಕಲ್ಲಿನಲ್ಲಿ. ಹಾಗಾಗಿ ಬೇರೆ ಕಂಪನಿಯ ವಿಮಾನದಲ್ಲಿ ಓಡಾಡುತ್ತೇನೆ. ನಮ್ಮವರಿಗೆ ನಿಮ್ಮ ವಿಮಾನದಲ್ಲಿ ಜಾಗ ಕೊಡಿ, ನಿಮ್ಮವರಿಗೆ ನಮ್ಮದರಲ್ಲಿ ಕೊಡುತ್ತೇವೆ ಅಂತ ಕಂಪನಿಗಳ ನಡುವೆ ಒಪ್ಪಂದ ಇರುತ್ತದೆ. ಹೆಚ್ಚಿನ ಕಡೆ ನಡೆಯುವ ಪದ್ಧತಿಗೆ ಝೋನಲ್ ಎಂಪ್ಲಾಯಿ ಡಿಸ್ಕೌಂಟ್ ಅಂತ ಹೆಸರು, ನಾವು ಸುಮ್ನೆ ಝೆಡ್ ಅಂತೇವೆ. ದೂರ ನೋಡಿ ದರ. ಹುಬ್ಬಳ್ಳಿ-ಬೆಂಗಳೂರು ಸುಮಾರು 400 ಕಿಲೋಮೀಟರ್, ಎಲ್ಲಕ್ಕಿಂತ ಕೆಳಗಿನ ದರದಲ್ಲೇ ಬರುತ್ತದೆ. ಆದರೆ ತೆರಿಗೆ, ಏರ್‌ಪೋರ್ಟ್ ಶುಲ್ಕ ಎಲ್ಲರ ಹಾಗೆ ನಾವೂ ಕಟ್ಟಬೇಕು. ಎಷ್ಟೋ ಸಲ ಟಿಕೆಟ್ಟಿಗಿಂತ ಅದೇ ಭಾರ ಅನಿಸುತ್ತದೆ! ಒಂದೇ ಒಳ್ಳೆಯದು, ಹತ್ತಲು ಆಗದಿದ್ದರೆ ದಂಡ ಇಲ್ಲದೆ ಮುಂದಿನ ವಿಮಾನಕ್ಕೆ ಕಾಯಬಹುದು.

ಅವ್ವನಿಗೆ ಇದು ತಿಳಿದದ್ದು ಮುಯ್ಯಾಳಿನ ಲೆಕ್ಕದಲ್ಲಿ ಹೇಳಿದಾಗ. ಹಾವೇರಿ ಕಡೆ ನಮ್ಮಜ್ಜ ಹೊಲ ಮಾಡುತ್ತಿದ್ದ. ಇವತ್ತು ನಿಮ್ಮ ಹೊಲದ ಕಳೆಗೆ ನಮ್ಮನೆಯವರು, ನಾಳೆ ನಮ್ಮ ಹೊಲಕ್ಕೆ ನಿಮ್ಮನೆಯವರು, ಕೂಲಿ ಮಾತಿಲ್ಲ. ಆದರೆ ಮಳೆ ಬಿದ್ದು ಹದ ಬಂತು ಅಂದ್ರೆ ಆ ದಿನ ಒಬ್ಬ ಮುಯ್ಯಾಳೂ ಸಿಗುತ್ತಿರಲಿಲ್ಲ. ಎಲ್ಲರಿಗೂ ಅವರವರ ಹೊಲದ ಬಿತ್ತನೆ. ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರ ಹಬ್ಬಕ್ಕ ನಿನಗ ಸೀಟ್ ಸಿಗೂದಿಲ್ಲ ಅನ್ನು" ಅಂದಳು. ಅಷ್ಟೇ ವಿಷಯ.

ಸಾಲು ಹೇಗೆ ಅಂದರೆ, ಮೊದಲು ದುಡ್ಡು ಕೊಟ್ಟ ಪ್ರಯಾಣಿಕರು. ಆ ಕಂಪನಿಯದೇ ಸಿಬ್ಬಂದಿ ಡ್ಯೂಟಿ ಮೇಲೆ ಹೋಗುತ್ತಿದ್ದರೆ ಅವರ ಸೀಟೂ ಖಚಿತ. ಆಮೇಲೆ ಅವರಲ್ಲಿ ರಜೆ ಮೇಲೆ ಹೊರಟವರು, ಅವರ ಮನೆಮಂದಿ. ಕಟ್ಟಕಡೆಗೆ ನಾವು, ಬೇರೆ ಕಂಪನಿಯವರು. ನಾನು ಹತ್ತು ವರ್ಷದ ಸೀನಿಯರ್ ಇರಬಹುದು, ಅವರಲ್ಲಿ ಮೊನ್ನೆ ಸೇರಿದ ಹುಡುಗಿ ನನಗಿಂತ ಮುಂದೆ. ನನಗೇನೂ ಬೇಜಾರಿಲ್ಲ, ನಮ್ಮ ವಿಮಾನದಲ್ಲಿ ಅವರ ಗತಿಯೂ ಇದೇ ಅಲ್ವಾ.

ಅಮೆರಿಕದಲ್ಲಿ ಹೀಗೆ ಓಡಾಡುವವರು ತುಂಬಾ ಜನ. ಒಂದು ಊರಲ್ಲಿ ಮನೆ, ಇನ್ನೊಂದು ಊರಲ್ಲಿ ಬೇಸ್. ಬೇಸಿನ ಹತ್ತಿರ ಹತ್ತಾರು ಕ್ರೂ ಸೇರಿ ಬಂಕ್ ಹಾಸಿಗೆಯ ಮನೆ ಬಾಡಿಗೆ ಹಿಡಿಯುತ್ತಾರೆ, ಕ್ರ್ಯಾಶ್ ಪ್ಯಾಡ್ ಅಂತಾರೆ. ಸೀಟೆಲ್ಲ ತುಂಬಿದರೂ ಖಾಲಿ ಇರುವ ಜಂಪ್ ಸೀಟಿನಲ್ಲಿ, ಅಂದರೆ ನಾವು ಟೇಕ್‌ಆಫ್ ವೇಳೆ ಕೂರುವ ಮಡಚುವ ಸೀಟಿನಲ್ಲಿ, ಹೋಗುವ ಅವಕಾಶವೂ ಇದೆ. ನನಗೆ ಹೊಟ್ಟೆಕಿಚ್ಚು ಆಗೋದು ಅದಕ್ಕಲ್ಲ. ಅಲ್ಲಿನ ಹಲವು ಕಂಪನಿಗಳಲ್ಲಿ, ಟೈಮಿಗೆ ಮುಟ್ಟಿಸಬಲ್ಲ ಎರಡು ವಿಮಾನಕ್ಕೆ ಪ್ರಯತ್ನ ಮಾಡಿ ಎರಡರಲ್ಲೂ ಸೀಟು ಸಿಗದೆ, ಫೋನ್ ಮಾಡಿ ತಿಳಿಸಿದರೆ ಗೈರುಹಾಜರಿ ಅಂತ ಶಿಕ್ಷೆ ಇಲ್ಲ. ನನಗೆ ಆ ನಿಯಮ ಇಲ್ಲ. ರಿಪೋರ್ಟಿಂಗ್ ಟೈಮಿಗೆ ಬರಲಿಲ್ಲ ಅಂದ್ರೆ ಬರಲಿಲ್ಲ, ಅಷ್ಟೇ. ಯಾಕೆ ಅಂತ ಯಾರೂ ಕೇಳುವುದಿಲ್ಲ.

ಅದಕ್ಕೇ ಈಗ ಹಬ್ಬದ ವಾರ ನಾನು ವಿಮಾನ ಒಂದನ್ನೇ ನಂಬಿ ಕೂರುವುದಿಲ್ಲ. ರೈಲಿನದೂ ಒಂದು ತೊಂದರೆ ಇದೆ. ಬುಕಿಂಗ್ 60 ದಿನ ಮೊದಲೇ ತೆರೆಯುತ್ತದೆ, ನಮ್ಮ ರೋಸ್ಟರ್, ಅಂದರೆ ಡ್ಯೂಟಿಯ ಪಟ್ಟಿ, ಕೈಗೆ ಬರುವುದು ತಿಂಗಳ ಕೊನೆಗೆ. ಅಷ್ಟರಲ್ಲಿ ರಾಣಿ ಚೆನ್ನಮ್ಮದಲ್ಲಿ ವೇಟಿಂಗ್ ಲಿಸ್ಟ್ ಉದ್ದ ಆಗಿರುತ್ತದೆ. ಈಗ ಅಂದಾಜಿನ ಮೇಲೆ ಎರಡು ಮೂರು ತಾರೀಖಿಗೆ ಟಿಕೆಟ್ ತೆಗೆದಿಡುತ್ತೇನೆ, ರೋಸ್ಟರ್ ಬಂದ ಮೇಲೆ ಬೇಡವಾದದ್ದು ರದ್ದು. ಹೋಗುವ ದುಡ್ಡು ಹೋಗಲಿ.

ಹೊಸದಾಗಿ ಕ್ರೂ ಆದ ನಮ್ಮ ಕಡೆಯ ಹುಡುಗಿಯರು ಕೇಳುತ್ತಿರುತ್ತಾರೆ, ಅವರಿಗೆ ಮೂರೇ ಮಾತು. ಡ್ಯೂಟಿಯ ಹಿಂದಿನ ದಿನವೇ ಹೊರಡಿ, ಅದೂ ಮೊದಲ ವಿಮಾನಕ್ಕೆ. ಬ್ಯಾಗು ಚೆಕ್-ಇನ್ ಮಾಡಬೇಡಿ, ಕೊನೆಯ ಗಳಿಗೆಯಲ್ಲಿ ನಿಮ್ಮನ್ನು ಇಳಿಸಿದರೆ ನೀವೊಂದು ಕಡೆ ಬ್ಯಾಗೊಂದು ಕಡೆ. ಮತ್ತೆ ಸೀಟು ಸಿಕ್ಕಿದರೆ ಒಳಗೆ ಕೆಲಸ ಮಾಡುತ್ತಿರುವ ಕ್ರೂಗೆ ನಮಸ್ಕಾರ ಹೇಳಿ, ಏನಾದರೂ ಸಿಹಿ ಕೊಡಿ. ಹೊರದೇಶದಲ್ಲಿ ಚಾಕೊಲೇಟ್ ಕೊಡುತ್ತಾರೆ, ನಮಗೆ ಧಾರವಾಡ ಪೇಡೆ ಇರುವಾಗ ಚಾಕೊಲೇಟ್ ಯಾಕೆ?

ಆ ದಿನದ ಪೇಡೆ ಏನಾಯಿತು ಅಂದ್ರೆ, ರಾತ್ರಿ ಸ್ಲೀಪರ್ ಬಸ್ಸಿನಲ್ಲಿ ಮೇಲಿನ ಬರ್ತ್ ಸಿಕ್ಕಿತು, ರಾಣೆಬೆನ್ನೂರು ದಾಟುವಷ್ಟರಲ್ಲಿ ಅರ್ಧ ನಾನೇ ತಿಂದಿದ್ದೆ. ಉಳಿದದ್ದು ಡ್ರೈವರ್ ಅಣ್ಣನಿಗೆ.