ಅರ್ಹತೆ ಬಂದಿತ್ತು, ಸೀಟು ಬಂದಿರಲಿಲ್ಲ

ಲಂಡನ್ನಿನ ದಕ್ಷಿಣ ಅಂಚಿನಲ್ಲಿ ವಾಸಿಸುವ ನಮ್ಮಂಥ ಕುಟುಂಬಗಳಲ್ಲಿ ಮಗುವಿಗೆ ಒಂಬತ್ತು ತುಂಬಿತೆಂದರೆ ಮಾತು ತಾನಾಗಿಯೇ ಇಲೆವೆನ್ ಪ್ಲಸ್ ಕಡೆಗೆ ಹೊರಳುತ್ತದೆ. ಪ್ರಾಥಮಿಕ ಶಾಲೆ ಮುಗಿಸುವ ಮಕ್ಕಳಲ್ಲಿ ಗ್ರಾಮರ್ ಶಾಲೆಯನ್ನು ಬಯಸುವವರು ಬರೆಯಬೇಕಾದ ಪ್ರವೇಶ ಪರೀಕ್ಷೆ ಅದು. ಪರೀಕ್ಷೆಯಿಂದಲೇ ಮಕ್ಕಳನ್ನು ಆಯ್ದುಕೊಳ್ಳುವ ಇಂಥ ಸರ್ಕಾರಿ ಶಾಲೆಗಳು ಇಂಗ್ಲೆಂಡಿನಲ್ಲಿ ಉಳಿದಿರುವುದು 163 ಮಾತ್ರ. ಶುಲ್ಕವಿಲ್ಲ, 1998ರ ಕಾಯ್ದೆಯ ಪ್ರಕಾರ ಹೊಸದನ್ನು ತೆರೆಯುವಂತೆಯೂ ಇಲ್ಲ, ಆದ್ದರಿಂದ ಇರುವ ಸೀಟುಗಳ ಮೇಲೆ ಪ್ರತಿ ವರ್ಷವೂ ನೂಕುನುಗ್ಗಲು. ಮಗಳಿಗಾಗಿ ಬಾಲಕಿಯರ ಗ್ರಾಮರ್ ಶಾಲೆಗಳಿಗೆ ಅರ್ಜಿ ಹಾಕಿ, ಸುಮಾರು ಒಂದೂವರೆ ವರ್ಷ ಅದರಲ್ಲೇ ಮುಳುಗಿ ಎದ್ದ ಮೇಲೆ, ಪರಿಚಯದ ತಾಯಂದಿರು ನನ್ನನ್ನು ಕೇಳುವ ಮೊದಲ ಪ್ರಶ್ನೆ ಒಂದೇ: "ಯಾವ ಪುಸ್ತಕ ಮಾಡಿಸಿದಿರಿ?" ಪುಸ್ತಕದ ಹೆಸರು ಹೇಳುವುದು ಸುಲಭ. ಆದರೆ ನಾವು ಎಡವಿದ್ದು ಪುಸ್ತಕದಲ್ಲಿ ಅಲ್ಲವಾದ್ದರಿಂದ, ಆ ಉತ್ತರದಿಂದ ಅವರಿಗೆ ಪ್ರಯೋಜನವಾಗುತ್ತದೆಂದು ನನಗೆ ಅನಿಸುವುದಿಲ್ಲ.

ಮೊದಲು ಅರ್ಜಿಯ ವಿಷಯ. ಇಲ್ಲಿ ಅರ್ಜಿ ಒಂದಲ್ಲ, ಎರಡು. ಪರೀಕ್ಷೆಗೆ ಹೆಸರು ನೋಂದಾಯಿಸುವುದು ಆಯಾ ಶಾಲೆಯಲ್ಲಿ. ಅದು ಮಗು ಇನ್ನೂ ಇಯರ್ ಫೈವ್‌ನಲ್ಲಿ, ಅಂದರೆ ಪ್ರಾಥಮಿಕ ಶಾಲೆಯ ಕೊನೆಯ ತರಗತಿಗಿಂತ ಹಿಂದಿನದರಲ್ಲಿ ಇರುವಾಗಲೇ, ಬೇಸಿಗೆಯಲ್ಲಿ ತೆರೆದು ಮುಚ್ಚಿಬಿಡುತ್ತದೆ. ಶಾಲೆಗಳ ಆಯ್ಕೆಯನ್ನು ಬರೆದು ಕೊಡುವುದು ನಾವು ವಾಸಿಸುವ ಪ್ರದೇಶದ ಸ್ಥಳೀಯ ಆಡಳಿತವಾದ ಕೌನ್ಸಿಲ್‌ಗೆ. ಅದಕ್ಕೆ ಅಕ್ಟೋಬರ್ 31 ಕೊನೆಯ ದಿನ. ಪರೀಕ್ಷೆ ಬರೆದು ಉತ್ತೀರ್ಣಳಾದರೂ ಎರಡನೆಯ ಅರ್ಜಿಯಲ್ಲಿ ಆ ಶಾಲೆಯ ಹೆಸರಿಲ್ಲದಿದ್ದರೆ ಸೀಟಿಲ್ಲ. ಎರಡನೆಯದರಲ್ಲಿ ಹೆಸರಿದ್ದು ಮೊದಲನೆಯದನ್ನು ಮಾಡಿರದಿದ್ದರೆ ಪರೀಕ್ಷೆಗೇ ಕೂರುವಂತಿಲ್ಲ. ನಮ್ಮ ಪರಿಚಯದ ಕುಟುಂಬವೊಂದು ಎರಡು ವರ್ಷ ಟ್ಯೂಷನ್ ಕೊಡಿಸಿ, ಜುಲೈ ತಿಂಗಳಲ್ಲಿ ಊರಿಗೆ ಹೋಗಿದ್ದಾಗ ನೋಂದಣಿಯ ಗಡುವನ್ನು ತಪ್ಪಿಸಿಕೊಂಡಿತು. ಆ ಮಗುವಿನ ಮುಂದೆ ಅವರು ಅದನ್ನು ಹೇಗೆ ಹೇಳಿದರೋ ನಾನು ಕೇಳುವ ಧೈರ್ಯ ಮಾಡಲಿಲ್ಲ.

ನಮ್ಮ ಕಡೆಯ ಬಾಲಕಿಯರ ಶಾಲೆಗಳಾದ ನಾನ್‌ಸಚ್ ಮತ್ತು ವಾಲಿಂಗ್ಟನ್ ಎರಡು ಹಂತದ ಪರೀಕ್ಷೆ ನಡೆಸುತ್ತವೆ. ಮೊದಲನೆಯದು ಸಟನ್ ಪ್ರದೇಶದ ಹುಡುಗರ ಶಾಲೆಗಳೊಂದಿಗೆ ಸೇರಿ ಸೆಪ್ಟೆಂಬರಿನಲ್ಲಿ ನಡೆಸುವ ಬಹು ಆಯ್ಕೆಯ ಪರೀಕ್ಷೆ. ಅದರಲ್ಲಿ ನಿಗದಿತ ಮಟ್ಟ ಮುಟ್ಟಿದವರಿಗೆ ಎರಡೂ ಶಾಲೆಗಳು ಒಟ್ಟಾಗಿ ಮತ್ತೊಂದು ಪರೀಕ್ಷೆ ಇಡುತ್ತವೆ, ಅಲ್ಲಿ ಗುರುತು ಹಾಕಿದರೆ ಸಾಲದು, ಬರೆಯಬೇಕು. ಕೆಂಟ್, ಬಕಿಂಗ್‌ಹ್ಯಾಮ್‌ಶೈರ್, ಬರ್ಮಿಂಗ್‌ಹ್ಯಾಮ್ ಇವುಗಳ ರೀತಿಯೇ ಬೇರೆ. ಹೀಗಾಗಿ "ಇಲೆವೆನ್ ಪ್ಲಸ್ ತಯಾರಿ" ಎಂಬುದು ಒಂದೇ ವಸ್ತುವೆಂದು ತಿಳಿದು ಅಂಗಡಿಯಲ್ಲಿ ಸಿಕ್ಕ ಪುಸ್ತಕಗಳನ್ನೆಲ್ಲ ಕೊಂಡು ತರುವ ಮೊದಲು, ಬೇಕಾದ ಶಾಲೆಯ ಪ್ರವೇಶ ನಿಯಮಾವಳಿಯನ್ನು ಸಾಲು ಬಿಡದೆ ಓದಬೇಕು. ನಾನು ಓದಲಿಲ್ಲ. ವರ್ಬಲ್ ರೀಸನಿಂಗ್ ಎಂಬ, ಪದ ಮತ್ತು ಅಕ್ಷರಗಳ ತರ್ಕದ ವಿಭಾಗದಲ್ಲಿ 21 ಬಗೆಯ ಪ್ರಶ್ನೆಗಳಿವೆ ಎಂದು ಎಲ್ಲರೂ ಹೇಳುತ್ತಿದ್ದುದನ್ನು ಕೇಳಿ, ಅಕ್ಷರ ಸಂಕೇತಗಳನ್ನು ಬಿಡಿಸುವ ಅಭ್ಯಾಸವನ್ನು ನಾಲ್ಕು ತಿಂಗಳು ಮಾಡಿಸಿದೆ; ನಾವು ಬಯಸಿದ ಶಾಲೆಗಳ ಪರೀಕ್ಷೆ ಇಂಗ್ಲಿಷ್ ಮತ್ತು ಗಣಿತದ್ದು ಎಂಬುದು ತಡವಾಗಿ ಗಮನಕ್ಕೆ ಬಂತು. ಆ ನಾಲ್ಕು ತಿಂಗಳು ನನ್ನ ಲೆಕ್ಕದ್ದು, ಮಗಳದ್ದಲ್ಲ.

ಆ ಮೇಲೆ ವಾರಕ್ಕೊಂದು ಮಾದರಿ ಪತ್ರಿಕೆಯೆಂದು ಶುರುವಾಯಿತು. ಅಂಕ ಏರಲಿಲ್ಲ, ಇಳಿಯಲೂ ಇಲ್ಲ. ನಮ್ಮವರು ಇಂಜಿನಿಯರ್ ಆದ್ದರಿಂದ ಅವರಿಗೆ ಒಂದು ಉಪಾಯ ಹೊಳೆಯಿತು: ಮಗಳ ಪ್ರತಿಯೊಂದು ತಪ್ಪನ್ನೂ ಒಂದು ನೋಟ್‌ಪುಸ್ತಕದಲ್ಲಿ ಮೂರು ಅಂಕಣಗಳಲ್ಲಿ ಬರೆಯುವುದು. ಗೊತ್ತಿರಲಿಲ್ಲ, ಗೊತ್ತಿದ್ದೂ ತಪ್ಪಿತು, ಸಮಯ ಸಾಲಲಿಲ್ಲ. ನಾನು ಮೊದಲನೆಯ ಅಂಕಣವೇ ತುಂಬುತ್ತದೆಂದುಕೊಂಡಿದ್ದೆ. ನಾಲ್ಕು ವಾರ ಕಳೆದಾಗ ನೋಡಿದರೆ ಗಣಿತದಲ್ಲಿ ಬಹುಪಾಲು ಎರಡನೆಯದರಲ್ಲಿತ್ತು: ಸೆಂಟಿಮೀಟರ್ ಕೇಳಿದ್ದಕ್ಕೆ ಮೀಟರಿನಲ್ಲಿ ಉತ್ತರ, "ಯಾವುದು ಅಲ್ಲ" ಎಂದು ಕೇಳಿದ್ದನ್ನು "ಯಾವುದು" ಎಂದು ಓದಿಕೊಂಡದ್ದು, ಪ್ರಶ್ನೆ 18ನ್ನು ಬಿಟ್ಟು ಮುಂದೆ ಹೋಗಿ 19ರ ಉತ್ತರವನ್ನು 18ರ ಸಾಲಿನಲ್ಲಿ ಗುರುತಿಸಿದ್ದು. ಉತ್ತರ ಪತ್ರಿಕೆಯನ್ನು ಯಂತ್ರ ಓದುತ್ತದೆ. ಒಂದು ಸಾಲು ಜಾರಿತೆಂದರೆ ಅಲ್ಲಿಂದ ಮುಂದಿನದೆಲ್ಲವೂ ತಪ್ಪು. ಇದಕ್ಕೆ ಇನ್ನೂ ಹತ್ತು ಪತ್ರಿಕೆ ಮಾಡಿಸುವುದು ಮದ್ದಲ್ಲ. ಬಿಟ್ಟ ಪ್ರಶ್ನೆಯ ಪಕ್ಕ ಸಣ್ಣ ಚುಕ್ಕೆಯಿಟ್ಟು, ಪ್ರತಿ ಐದು ಪ್ರಶ್ನೆಗೊಮ್ಮೆ ಸಂಖ್ಯೆ ತಾಳೆ ನೋಡುವುದನ್ನು ಅಭ್ಯಾಸ ಮಾಡಿಸಿದೆವು. ಅದೊಂದರಿಂದಲೇ ಆದಷ್ಟು ಪ್ರಗತಿ ಬೇರೆ ಯಾವುದರಿಂದಲೂ ಆಗಲಿಲ್ಲ.

ಗೊತ್ತಿರದ ವಿಷಯಗಳೂ ಇದ್ದವು, ಅವು ಅವಳ ತಪ್ಪಲ್ಲ. ಇಲ್ಲಿನ ರಾಷ್ಟ್ರೀಯ ಪಠ್ಯಕ್ರಮದಲ್ಲಿ ಅನುಪಾತವೂ ಬೀಜಗಣಿತವೂ ಬರುವುದು ಇಯರ್ ಸಿಕ್ಸ್‌ನಲ್ಲಿ, ಪರೀಕ್ಷೆಯಿರುವುದು ಆ ತರಗತಿ ಶುರುವಾದ ಕೆಲವೇ ದಿನಗಳಲ್ಲಿ. ಅವುಗಳ ಮೊದಲ ಪಾಠವನ್ನಾದರೂ ಬೇಸಿಗೆ ರಜೆಯಲ್ಲಿ ಮನೆಯಲ್ಲೇ ಹೇಳಿಕೊಟ್ಟರೆ ಮಗು ಪ್ರಶ್ನೆ ನೋಡಿ ಗಾಬರಿಯಾಗುವುದಿಲ್ಲ.

ಇಂಗ್ಲಿಷಿನ ಕತೆ ಬೇರೆ. ಮಗಳು ಇಲ್ಲೇ ಹುಟ್ಟಿದವಳು, ಶಾಲೆಯಲ್ಲಿ ಅವಳ ಇಂಗ್ಲಿಷ್‌ಗೆ ಕೊರತೆಯಿಲ್ಲ ಎಂದೇ ಶಿಕ್ಷಕಿಯರ ಅಭಿಪ್ರಾಯವಾಗಿತ್ತು. ಆದರೆ ಎರಡು ಅರ್ಥಗಳಿಗೂ ಹೊಂದುವ ಒಂದೇ ಪದವನ್ನು ಹುಡುಕುವ ಪ್ರಶ್ನೆಗಳಲ್ಲಿ ಅವಳು ತಡವರಿಸುತ್ತಿದ್ದಳು. "ಬಾರ್ಕ್" ಎಂದರೆ ನಾಯಿ ಬೊಗಳುವುದು ಎಂದು ಗೊತ್ತು, ಮರದ ತೊಗಟೆ ಎಂದು ಗೊತ್ತಿಲ್ಲ. ಒಲೆಯ ಜಾಗ ಎಂಬ ಅರ್ಥದ "ಹಾರ್ತ್" ಪದವನ್ನು ಓದುವ ಗದ್ಯದಲ್ಲಿ ಕಂಡು "ಅಮ್ಮಾ, ಹಾರ್ಟ್ ಅನ್ನೋದನ್ನ ತಪ್ಪಾಗಿ ಅಚ್ಚು ಮಾಡಿದಾರೆ" ಎಂದು ನನ್ನ ಬಳಿ ಓಡಿ ಬಂದಳು. ಯೋಚಿಸಿದಾಗ ಕಾರಣ ತಿಳಿಯಿತು. ಮನೆಯೊಳಗಿನ ಪದಗಳೆಲ್ಲ ಅವಳಿಗೆ ಕನ್ನಡದಲ್ಲಿ ಇದ್ದವು: ಒಲೆ, ಹೊಸ್ತಿಲು, ತೊಗಟೆ, ಸೂರು. ಅವುಗಳ ಇಂಗ್ಲಿಷ್ ಪದಗಳು ಇಂಗ್ಲಿಷ್ ಮನೆಗಳಲ್ಲಿ ಮಾತಿನ ನಡುವೆ ಬೀಳುತ್ತವೆಯೇ ಹೊರತು ಶಾಲೆಯ ಪಾಠದಲ್ಲಿ ಬರುವುದಿಲ್ಲ. ಮನೆಯಲ್ಲಿ ಇಂಗ್ಲಿಷ್ ಮಾತಾಡಿರಿ ಎಂದು ಟ್ಯೂಷನ್ನಿನವರು ಸಲಹೆ ಕೊಟ್ಟರು. ನಾನು ಒಪ್ಪಲಿಲ್ಲ, ಈಗಲೂ ಒಪ್ಪುವುದಿಲ್ಲ, ಏಕೆಂದರೆ ನನ್ನ ಇಂಗ್ಲಿಷಿನಲ್ಲೂ ಹಾರ್ತ್ ಇರಲಿಲ್ಲ. ಅದರ ಬದಲು ರಾತ್ರಿ ಇಪ್ಪತ್ತು ನಿಮಿಷ ಹಳೆಯ ಕಾಲದ ಮಕ್ಕಳ ಕಾದಂಬರಿಗಳನ್ನು ಇಬ್ಬರೂ ಸರದಿಯಲ್ಲಿ ಗಟ್ಟಿಯಾಗಿ ಓದಿದೆವು, ಎಡವಿದ ಪದಕ್ಕೆ ಅವಳೇ ಕನ್ನಡ ಪದವನ್ನು ಹುಡುಕಿ ಹೇಳಬೇಕಿತ್ತು. ಪದಪಟ್ಟಿಯನ್ನು ಉರು ಹೊಡೆಸುವುದಕ್ಕಿಂತ ಇದು ನಿಧಾನ, ಆದರೆ ಹೀಗೆ ಕಲಿತ ಪದ ಎರಡನೆಯ ಹಂತದಲ್ಲಿ ಬರೆಯಲು ಕುಳಿತಾಗ ಕೈಗೆ ಬರುತ್ತದೆ, ಪಟ್ಟಿಯ ಪದ ಬರುವುದಿಲ್ಲ.

ಟ್ಯೂಷನ್ ಕೇಂದ್ರದ ಬಗ್ಗೆ ಒಂದು ಮಾತು ಹೇಳಲೇಬೇಕು. ಅಲ್ಲಿ ತಿಂಗಳಿಗೊಮ್ಮೆ ಅಣಕು ಪರೀಕ್ಷೆ ನಡೆಯುತ್ತಿತ್ತು, ಮುಗಿದ ಮೇಲೆ ಎಲ್ಲ ಮಕ್ಕಳ ಹೆಸರನ್ನೂ ಅಂಕಗಳ ಕ್ರಮದಲ್ಲಿ ಬಾಗಿಲಿಗೆ ಅಂಟಿಸುತ್ತಿದ್ದರು. ಹತ್ತು ವರ್ಷದ ಹುಡುಗಿಯರು ಆ ಬಾಗಿಲಿನ ಮುಂದೆ ಬೆರಳಿಟ್ಟು ಹೆಸರು ಹುಡುಕುವುದನ್ನು ನಾನು ಮೂರು ಸಲ ನೋಡಿದೆ, ನಾಲ್ಕನೆಯ ಸಲಕ್ಕೆ ಬಿಡಿಸಿದೆ. ಅಣಕು ಪರೀಕ್ಷೆ ವ್ಯರ್ಥ ಎನ್ನುವುದಿಲ್ಲ. ಅಪರಿಚಿತ ಸಭಾಂಗಣದಲ್ಲಿ ನೂರಾರು ಮಕ್ಕಳ ನಡುವೆ ಕುಳಿತು ಬರೆದ ಅನುಭವ ಒಂದೆರಡು ಸಲ ಆಗಲೇಬೇಕು. ಉಳಿದ ಅಭ್ಯಾಸಕ್ಕೆ, ಹಲವು ಪ್ರದೇಶಗಳಿಗೆ ಪ್ರಶ್ನೆಪತ್ರಿಕೆ ತಯಾರಿಸುವ ಜಿಎಲ್ ಅಸೆಸ್‌ಮೆಂಟ್ ಸಂಸ್ಥೆಯವರೇ ತಮ್ಮ ಜಾಲತಾಣದಲ್ಲಿ ಮಾದರಿಗಳನ್ನು ಉಚಿತವಾಗಿ ಇಟ್ಟಿದ್ದಾರೆ.

ಮಗಳು ಹುಟ್ಟಿದ್ದು ಆಗಸ್ಟ್ ಕೊನೆಯ ವಾರ. ಇಲ್ಲಿ ಸೆಪ್ಟೆಂಬರ್ 1ರಿಂದ ಆಗಸ್ಟ್ 31ರವರೆಗೆ ಹುಟ್ಟಿದವರು ಒಂದೇ ತರಗತಿಯಲ್ಲಿ ಇರುವುದರಿಂದ, ಪಕ್ಕದ ಡೆಸ್ಕಿನ ಹುಡುಗಿ ಅವಳಿಗಿಂತ ಹೆಚ್ಚುಕಡಿಮೆ ಒಂದು ವರ್ಷ ದೊಡ್ಡವಳಿರಬಹುದು. ಅದಕ್ಕಾಗಿಯೇ ಅಂಕಗಳನ್ನು ವಯಸ್ಸಿಗೆ ತಕ್ಕಂತೆ ಹೊಂದಿಸಿ, ಸರಾಸರಿ 100 ಬರುವಂತೆ ಪರಿವರ್ತಿಸಿ ಕೊಡುತ್ತಾರೆ. ಇದನ್ನು ಕೃಪಾಂಕವೆಂದು ಹಂಗಿಸುವವರಿದ್ದಾರೆ. ಕೃಪೆಯೇನೂ ಇಲ್ಲ, ಹತ್ತು ವರ್ಷದ ಮಗುವಿನ ಬದುಕಿನಲ್ಲಿ ಒಂದು ವರ್ಷವೆಂದರೆ ಹತ್ತರಲ್ಲಿ ಒಂದು ಪಾಲು.

ಬಾಲಕಿಯರ ಅಂಕಗಳಿಗೆ ಇನ್ನೊಂದು ಹಳೆಯ ಚರಿತ್ರೆಯಿದೆ, ಅದನ್ನು ಓದಿದ ದಿನ ನನಗೆ ರಾತ್ರಿ ನಿದ್ದೆ ಬರಲಿಲ್ಲ. 1944ರ ಶಿಕ್ಷಣ ಕಾಯ್ದೆಯ ನಂತರ ಈ ಪರೀಕ್ಷೆ ದೇಶದುದ್ದಕ್ಕೂ ಹರಡಿದಾಗ, ಹನ್ನೊಂದರ ವಯಸ್ಸಿನಲ್ಲಿ ಹುಡುಗಿಯರು ಹುಡುಗರಿಗಿಂತ ಚೆನ್ನಾಗಿ ಬರೆಯುತ್ತಿದ್ದರು, ಆದರೆ ಎಷ್ಟೋ ಕಡೆ ಅವರ ಶಾಲೆಗಳಲ್ಲಿದ್ದ ಸೀಟುಗಳು ಕಡಿಮೆ. ಹುಡುಗ ಹುಡುಗಿಯರ ಅಂಕಗಳನ್ನು ಬೇರೆ ಬೇರೆಯಾಗಿ ಹೊಂದಿಸಿ, ಹುಡುಗಿಯರಿಗೆ ಮಟ್ಟವನ್ನು ಮೇಲಕ್ಕೇರಿಸಿ ಲೆಕ್ಕ ಸರಿದೂಗಿಸಿದ ಪ್ರದೇಶಗಳಿದ್ದವು. ಬರ್ಮಿಂಗ್‌ಹ್ಯಾಮಿನಲ್ಲಿ ಹುಡುಗರಿಗೆ 540 ಸೀಟುಗಳಿದ್ದರೆ ಹುಡುಗಿಯರಿಗೆ 360. ಇದು ಲಿಂಗ ತಾರತಮ್ಯವೆಂದು ಆಗ ದೇಶದ ಅತ್ಯುನ್ನತ ನ್ಯಾಯಾಲಯವಾಗಿದ್ದ ಹೌಸ್ ಆಫ್ ಲಾರ್ಡ್ಸ್ ತೀರ್ಪು ಕೊಟ್ಟದ್ದು 1989ರಲ್ಲಿ. ನನ್ನ ಮಗಳ ವಯಸ್ಸಿನ ಎಷ್ಟು ಹುಡುಗಿಯರು ತಾವು ಸೋತೆವೆಂದೇ ನಂಬಿಕೊಂಡು ಬೆಳೆದಿರಬೇಕು ಎಂಬ ಯೋಚನೆ ತಲೆಯಿಂದ ಹೋಗಲೇ ಇಲ್ಲ.

ಪರೀಕ್ಷೆಯ ದಿನದ ಬಗ್ಗೆ ಹೇಳಲು ಹೆಚ್ಚಿಲ್ಲ. ಸಾಲಿನಲ್ಲಿ ನಿಲ್ಲಿಸಿ ಒಳಗೆ ಕರೆದುಕೊಂಡು ಹೋದರು, ನಾವು ರಸ್ತೆಯಲ್ಲಿ ನಿಂತೆವು, ಅವಳು ಹೊರಗೆ ಬಂದು ಹಸಿವಾಗಿದೆ ಎಂದಳು. ಎರಡೂ ಹಂತಗಳನ್ನು ದಾಟಿದಳು. ಅಕ್ಟೋಬರ್ ನಡುವೆ ಬಂದ ಪತ್ರದಲ್ಲಿ ಅವಳು ಅರ್ಹಳು ಎಂದಿತ್ತು, ನಾವು ಊರಿಗೆ ಫೋನ್ ಮಾಡಿ ಸೀಟು ಸಿಕ್ಕಿತೆಂದೇ ಹೇಳಿಬಿಟ್ಟೆವು.

ಅದೇ ನಮ್ಮ ದೊಡ್ಡ ತಪ್ಪು ತಿಳಿವಳಿಕೆ. ಅರ್ಹತೆ ಎಂದರೆ ಪರಿಗಣಿಸಬಹುದು ಎಂದಷ್ಟೇ. ಅರ್ಹರ ಸಂಖ್ಯೆ ಸೀಟುಗಳಿಗಿಂತ ಹೆಚ್ಚಿರುವಾಗ ಯಾರಿಗೆ ಎಂಬುದನ್ನು ಶಾಲೆಯ ನಿಯಮಾವಳಿ ತೀರ್ಮಾನಿಸುತ್ತದೆ: ಸ್ಥಳೀಯ ಆಡಳಿತದ ಆರೈಕೆಯಲ್ಲಿರುವ ಅಥವಾ ಹಿಂದೆ ಇದ್ದ ಮಕ್ಕಳು ಮೊದಲು, ಆಮೇಲೆ ಕೆಲವು ಕಡೆ ಅಂಕಗಳ ಶ್ರೇಣಿ, ಕೆಲವು ಕಡೆ ಶಾಲೆಯಿಂದ ಮನೆಗಿರುವ ದೂರ, ಕೆಲವು ಕಡೆ ಎರಡೂ. ಕೌನ್ಸಿಲ್ ಅರ್ಜಿಯಲ್ಲಿ, ಲಂಡನ್ನಿನಲ್ಲಾದರೆ, ಆರು ಶಾಲೆಗಳನ್ನು ಇಷ್ಟದ ಕ್ರಮದಲ್ಲಿ ಬರೆಯಬಹುದು. ಮೊದಲನೆಯದಾಗಿ ಬರೆಯದಿದ್ದರೆ ಶಾಲೆಯವರು ಮುನಿಸಿಕೊಳ್ಳುತ್ತಾರೆ ಎಂಬ ಮಾತು ಪ್ರತಿ ವರ್ಷವೂ ಹರಡುತ್ತದೆ, ಅದರಲ್ಲಿ ಹುರುಳಿಲ್ಲ. ನಮ್ಮ ಕ್ರಮವನ್ನು ಲೆಕ್ಕಕ್ಕೆ ತೆಗೆದುಕೊಂಡು ಶಾಲೆ ಸೀಟು ಹಂಚುವಂತಿಲ್ಲ, ದೊರೆಯಬಹುದಾದ ಶಾಲೆಗಳಲ್ಲಿ ನಾವು ಮೇಲೆ ಬರೆದದ್ದನ್ನು ಕೌನ್ಸಿಲ್ ಕೊಡುತ್ತದೆ. ಆದ್ದರಿಂದ ನಿಜವಾದ ಇಷ್ಟದ ಕ್ರಮದಲ್ಲೇ ಬರೆದು, ಕೊನೆಯಲ್ಲಿ ಖಂಡಿತವಾಗಿ ಸಿಗುವಂಥ ಹತ್ತಿರದ ಸಾಮಾನ್ಯ ಶಾಲೆಯೊಂದನ್ನು ಸೇರಿಸಬೇಕು. ಅದನ್ನು ಸೇರಿಸಲು ನನಗೆ ಮನಸ್ಸಿರಲಿಲ್ಲ, ನಮ್ಮವರು ಹಟ ಹಿಡಿದು ಬರೆಸಿದರು.

ಮಾರ್ಚ್ 1ರಂದು ಬಂದ ಇಮೇಲಿನಲ್ಲಿದ್ದದ್ದು ಅದೇ ಆರನೆಯ ಶಾಲೆಯ ಹೆಸರು. ಮಗಳು ಒಂದು ಗಂಟೆ ಕೋಣೆಯ ಬಾಗಿಲು ಹಾಕಿಕೊಂಡಳು, ಆಮೇಲೆ ಬಂದು ಆ ಶಾಲೆಗೆ ತನ್ನ ಗೆಳತಿಯರಲ್ಲಿ ಯಾರು ಯಾರು ಹೋಗುತ್ತಾರೆಂದು ಎಣಿಸತೊಡಗಿದಳು. ನಾವು ಮಾಡಿದ್ದು ಎರಡು ಕೆಲಸ. ಸಿಕ್ಕ ಸೀಟನ್ನು ಒಪ್ಪಿಕೊಂಡೆವು. ಒಪ್ಪಿಕೊಳ್ಳುವುದರಿಂದ ಮೇಲಿನ ಶಾಲೆಗಳ ಕಾಯುವ ಪಟ್ಟಿಯಲ್ಲಿನ ಸ್ಥಾನಕ್ಕೆ ಧಕ್ಕೆಯಿಲ್ಲ, ತಿರಸ್ಕರಿಸಿದರೆ ಮಾತ್ರ ಕೈಯಲ್ಲಿದ್ದದ್ದೂ ಹೋಗುತ್ತದೆ. ಮೊದಲ ಎರಡು ಶಾಲೆಗಳ ಕಾಯುವ ಪಟ್ಟಿಯಲ್ಲಿ ಹೆಸರಿದೆಯೇ ಎಂದು ಬರೆದು ಖಚಿತಪಡಿಸಿಕೊಂಡೆವು. ಸ್ವತಂತ್ರ ಸಮಿತಿಯ ಮುಂದೆ ಮೇಲ್ಮನವಿ ಸಲ್ಲಿಸುವ ಹಕ್ಕಿತ್ತು, ಆದರೆ ಶಾಲೆ ತುಂಬಿದೆ ಎಂಬ ವಾದದ ಎದುರು ಹೇಳಲು ನಮ್ಮ ಬಳಿ ವಿಶೇಷ ಕಾರಣವೇನೂ ಇರಲಿಲ್ಲವಾದ್ದರಿಂದ ಅದನ್ನು ಕೈಬಿಟ್ಟೆವು.

ಕಾಯುವ ಪಟ್ಟಿಯನ್ನು ಶಾಲೆಗಳು ಕನಿಷ್ಠ ಡಿಸೆಂಬರ್ 31ರವರೆಗೆ ಇಟ್ಟುಕೊಳ್ಳಬೇಕೆಂಬ ನಿಯಮವಿದೆ. ಖಾಸಗಿ ಶಾಲೆ ಸೇರುವವರು, ಮನೆ ಬದಲಿಸುವವರು ಬಿಟ್ಟುಕೊಟ್ಟಂತೆ ಅದು ಜರುಗುತ್ತದೆ. ಹೊಸದಾಗಿ ಸೇರಿದವರು ನಮಗಿಂತ ಹತ್ತಿರದಲ್ಲಿದ್ದರೆ ಹಿಂದಕ್ಕೂ ಸರಿಯುತ್ತದೆ. ಮಾರ್ಚ್‌ನಲ್ಲಿ ಮಗಳು 31ನೆಯವಳಿದ್ದಳು, ಏಪ್ರಿಲ್‌ನಲ್ಲಿ 19, ಮೇ ತಿಂಗಳಲ್ಲಿ 22. ಜೂನ್ ಕೊನೆಯ ಶುಕ್ರವಾರ, ಆರನೆಯ ಶಾಲೆಯ ಸಮವಸ್ತ್ರಕ್ಕೆ ಹೆಸರಿನ ಪಟ್ಟಿಗಳನ್ನು ಹೊಲಿದು ಮುಗಿಸಿದ ಮರುದಿನ, ಎರಡನೆಯ ಆಯ್ಕೆಯ ಬಾಲಕಿಯರ ಶಾಲೆಯಲ್ಲಿ ಸೀಟಿದೆಯೆಂದೂ ಮುಂದಿನ ವಾರದೊಳಗೆ ಉತ್ತರಿಸಬೇಕೆಂದೂ ಕೌನ್ಸಿಲ್‌ನಿಂದ ಪತ್ರ ಬಂತು. ಮಗಳಿಗೆ ಎರಡು ದಿನ ಯೋಚಿಸಲು ಬಿಟ್ಟೆವು. ಭಾನುವಾರ ಸಂಜೆ ಅವಳು ಹೊಲಿಗೆಯ ಕತ್ತರಿ ತಂದು ನನ್ನ ಕೈಗಿಟ್ಟು, ಹೆಸರಿನ ಪಟ್ಟಿಗಳನ್ನು ಬಿಚ್ಚಿ ಕೊಡು ಎಂದಳು.