ಕಕ್ಕಡದ ಮಳೆ, ನಗರಸಭೆಯ ನೋಟಿಸು

ನಗರಸಭೆ ಪರ ವಕೀಲಿಕೆ ಅಂದ್ರೆ ಕೋರ್ಟಲ್ಲಿ ವಾದ ಅಂದ್ಕೋತಾರೆ. ಅರ್ಧ ಕೇಸು ನಿಲ್ಲೋದು, ಬೀಳೋದು ನೋಟಿಸ್ ಜಾರಿಯಲ್ಲೇ. ಕಕ್ಕಡದ (ಜುಲೈ-ಆಗಸ್ಟ್‌ನಲ್ಲಿ ಬರೋ ಕೊಡವರ ಮಳೆ ತಿಂಗಳು) ಮಳೆಗೆ ಮಡಿಕೇರಿಯಲ್ಲಿ ಬಾಗಿಲಿಗೆ ಅಂಟಿಸಿದ ಕಾಗದ ಸಂಜೆಯೊಳಗೆ ತೊಯ್ದು ಉದುರುತ್ತೆ. ಅಂಟಿಸಿದ ಕೂಡಲೇ ದಿನಾಂಕ ಕಾಣುವ ಫೋಟೊ, ಇಬ್ಬರು ಪಂಚರ (ಸ್ಥಳದಲ್ಲಿದ್ದು ನೋಡಿದ ಸಾಕ್ಷಿಗಳ) ಸಹಿ ತಗೊಂಡಿರಬೇಕು. ಇಲ್ಲಾಂದ್ರೆ ‘ನಮಗೆ ನೋಟಿಸೇ ಬಂದಿಲ್ಲ ಸ್ವಾಮಿ’ ಅನ್ನೋ ಒಂದೇ ಮಾತಿಗೆ ತೆರವು ಆದೇಶ ಅಲುಗಾಡುತ್ತೆ.

ಎದುರಿನವರು ತಡೆಯಾಜ್ಞೆಗೆ ಓಡುವ ಸುಳಿವಿದ್ದರೆ ಸಿಪಿಸಿ (ಸಿವಿಲ್ ಪ್ರಕ್ರಿಯಾ ಸಂಹಿತೆ) ಕಲಂ 148ಎ ಅಡಿ ಕೇವಿಯಟ್, ಅಂದ್ರೆ ‘ನಮ್ಮ ಮಾತು ಕೇಳದೆ ಆದೇಶ ಕೊಡಬೇಡಿ’ ಅಂತ ಕೋರ್ಟಿಗೆ ಮೊದಲೇ ಕೊಡೋ ಅರ್ಜಿ ಹಾಕಿ, ಅದರ ನೋಟಿಸನ್ನು ಅವರಿಗೆ ಸ್ವೀಕೃತಿ ಸಮೇತ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಬೇಕು. ಕೇವಿಯಟ್ ಆಯಸ್ಸು 90 ದಿನ ಅಷ್ಟೇ. ಜೂನ್ ಶುರುವಿನಲ್ಲಿ ಹಾಕಿದ್ದು ಸೆಪ್ಟೆಂಬರ್ ಹೊತ್ತಿಗೆ ಸತ್ತಿರುತ್ತೆ. ಮಳೆ ಬಿಟ್ಟು ಜೆಸಿಬಿ ಹೊರಡೋದೂ ಆಗಲೇ.