ಆರಿದ್ರೆ ಮಳೆಯಲ್ಲಿ ಕತ್ತರಿಸಿದ ಕಡ್ಡಿಗಳು

ಚಿಕ್ಕಮ್ಮ ಸಾಗರದ ಹತ್ತಿರದ ಮನೆ ಮಾರಿ ಮಗನ ಊರಿಗೆ ಹೊರಟಾಗ ಮಂಚ, ಕಪಾಟು, ತಾಮ್ರದ ಹಂಡೆ ಯಾರಿಗೆ ಎಂಬ ಮಾತು ನಡೆಯಿತು. ಹಿತ್ತಿಲನ್ನು ಯಾರೂ ಕೇಳಲಿಲ್ಲ. ದೊಡ್ಡಪತ್ರೆ, ಪುದೀನ, ಕೃಷ್ಣತುಳಸಿ, ಆಡುಸೋಗೆ, ಪಚ್ಚೆತೆನೆ, ಮರಕ್ಕೆ ಹಬ್ಬಿದ ಅಮೃತಬಳ್ಳಿ ಎಲ್ಲ ಅಲ್ಲಿದ್ದವು. ನಮ್ಮ ಕೆಮ್ಮು, ನೆಗಡಿಯ ಕಷಾಯಕ್ಕೂ ಊಟದ ತಂಬುಳಿಗೂ ಸೊಪ್ಪು ಬರುತ್ತಿದ್ದದ್ದು ಅಲ್ಲಿಂದಲೇ. ನಾನು ಗುದ್ದಲಿ ಕೇಳಿದೆ. ಚಿಕ್ಕಮ್ಮ ಕತ್ತಿ ಕೊಟ್ಟರು. "ಗಿಡ ಕೀಳಬೇಡ, ಕಡ್ಡಿ ಸಾಕು."

ಜೂನ್ ಕೊನೆ. ಆರಿದ್ರೆ ಮಳೆ ಹಿಡಿದಿತ್ತು. ಕಡ್ಡಿ ಊರುವುದಕ್ಕೆ ಮಲೆನಾಡಿನವರು ಕಾಯುವುದೇ ಈ ದಿನಗಳಿಗೆ. ಬೇರಿಲ್ಲದ ಕಡ್ಡಿ ನೀರು ಎಳೆದುಕೊಳ್ಳಲಾರದು, ಎಲೆಗಳು ಮಾತ್ರ ನೀರು ಬಿಡುತ್ತಲೇ ಇರುತ್ತವೆ. ಗಾಳಿಯಲ್ಲೇ ತೇವ ತುಂಬಿದ್ದರೆ ಆ ನಷ್ಟ ಕಡಿಮೆ.

ಚಿಕ್ಕಮ್ಮ ತೋರಿಸಿದಂತೆ ಗೆಣ್ಣಿನ ಸ್ವಲ್ಪ ಕೆಳಗೆ ಕತ್ತರಿಸಿದೆ. ಆಡುಸೋಗೆ, ಅಮೃತಬಳ್ಳಿಯ ತುಂಡುಗಳಿಗೆ ಬುಡದಲ್ಲಿ ಓರೆ ಕಡಿತ, ತುದಿಯಲ್ಲಿ ನೇರ ಕಡಿತ. ಎಲೆ ತೆಗೆದ ಮೇಲೆ ಮೇಲೆ ಯಾವುದು, ಕೆಳಗೆ ಯಾವುದು ಎಂದು ತಿಳಿಯುವುದಿಲ್ಲವಲ್ಲ! ಚಿಗುರಿನಲ್ಲಿ ಹುಟ್ಟುವ ಆಕ್ಸಿನ್ ಎಂಬ ಹಾರ್ಮೋನು ಕೆಳಮುಖವಾಗಿ ಹರಿದು ಕಡಿದ ಬುಡದಲ್ಲಿ ಸೇರುತ್ತದೆ, ಬೇರು ಹೊರಡುವುದು ಅಲ್ಲಿಂದ. ಈ ಶಾಸ್ತ್ರ ಚಿಕ್ಕಮ್ಮನಿಗೆ ಬೇಕಿರಲಿಲ್ಲ. ಅವರ ಕೈ ಒಮ್ಮೆಯೂ ತುಂಡನ್ನು ತಿರುಗಾಮುರುಗಾ ಹಿಡಿಯಲಿಲ್ಲ.

ತುಳಸಿಯಲ್ಲಿ ಹೂತೆನೆ ಬಾರದ ಕುಡಿಗಳನ್ನೇ ಆರಿಸಿದೆವು. ತೆನೆ ಬಂದ ಕಡ್ಡಿಯ ಶಕ್ತಿ ಹೂವಿನತ್ತ ಹೋಗುತ್ತದೆ, ಬೇರಿಗೆ ಉಳಿಯುವುದು ಕಡಿಮೆ. ಕೆಳಗಿನ ಎಲೆಗಳನ್ನೆಲ್ಲ ಸವರಿ, ತುದಿಯ ಒಂದೆರಡು ಜೋಡಿ ಮಾತ್ರ ಬಿಡಬೇಕು. ಹೆಚ್ಚಿನವರು ಇಲ್ಲಿ ಮರುಕಪಡುತ್ತಾರೆ. ನನ್ನ ಮಟ್ಟಿಗೆ, ಕಡ್ಡಿ ಸಾಯುವುದು ಇಂಥ ಮರುಕದಿಂದಲೇ. ಕರಿಬೇವಿನ ಕೊಂಬೆಯನ್ನು ಮಾತ್ರ ಮುಟ್ಟಲಿಲ್ಲ. ಅದು ಸುಲಭಕ್ಕೆ ಬೇರು ಕೊಡುವುದಿಲ್ಲ. ಬುಡದಲ್ಲಿ ಎದ್ದ ಮರಿಯನ್ನು ಬೇರಿನ ಸಮೇತ ಬಿಡಿಸಿಕೊಂಡೆವು.

ಒದ್ದೆ ಬಟ್ಟೆ, ಅದರ ಮೇಲೆ ಬಾಳೆಲೆ, ಬಾಳೆನಾರಿನ ಕಟ್ಟು. ರಾತ್ರಿ ಬಸ್ಸಿನಲ್ಲಿ ಕಟ್ಟುಗಳು ನನ್ನ ಮಡಿಲಲ್ಲಿದ್ದವು. ಪಚ್ಚೆತೆನೆಯ ಪರಿಮಳಕ್ಕೆ ಪಕ್ಕದವರು ಏನೆಂದು ಕೇಳಿದರು, ಹೇಳುತ್ತಾ ಹೇಳುತ್ತಾ ನನಗೆ ಗಂಟಲು ಕಟ್ಟಿತು. ದೊಡ್ಡಪತ್ರೆಯನ್ನು ಮಾತ್ರ ಕಾಗದದಲ್ಲಿ ಒಣದಾಗಿ ಸುತ್ತಿದ್ದೆ. ಅದರ ಕಾಂಡದಲ್ಲಿ ನೀರು ತುಂಬಿರುತ್ತದೆ, ಕಡಿದ ಬಾಯಿ ಒಣಗಲು ಬಿಡದೆ ನೆಟ್ಟರೆ ಕೊಳೆಯುವ ಭಯ.

ಬೆಂಗಳೂರಿನ ಬಾಲ್ಕನಿಯಲ್ಲಿ ಮರಳು, ತೆಂಗಿನ ನಾರಿನ ಪುಡಿ ಸಮಸಮ ಬೆರೆಸಿಟ್ಟಿದ್ದೆ. ಗೊಬ್ಬರ ಹಾಕಲಿಲ್ಲ, ಬೇರೇ ಇಲ್ಲದ ಕಡ್ಡಿಗೆ ಊಟ ಯಾಕೆ? ಪುದೀನವನ್ನು ಲೋಟದ ನೀರಿಗೆ ಬಿಟ್ಟೆ. ಒಂದು ವಾರದೊಳಗೆ ಗೆಣ್ಣುಗಳಿಂದ ಬಿಳಿ ಎಳೆ ಇಳಿದವು. ತುಳಸಿ ಮತ್ತು ಪಚ್ಚೆತೆನೆಗೆ ಬುಡ ಕತ್ತರಿಸಿದ ಪ್ಲಾಸ್ಟಿಕ್ ಬಾಟಲಿ ಮುಚ್ಚಿ, ನೇರ ಬಿಸಿಲು ಬೀಳದ ಮೂಲೆಯಲ್ಲಿಟ್ಟು, ದಿನಕ್ಕೊಮ್ಮೆ ಗಾಳಿ ಆಡಿಸಿದೆ. ಆಡುಸೋಗೆ ಬೇಗ ಚಿಗುರಿತು. ಆದರೆ ಚಿಗುರನ್ನು ನಂಬಬಾರದು, ಕಾಂಡದೊಳಗಿನ ಉಳಿಕೆ ಆಹಾರದಿಂದಲೇ ಎಲೆ ಬಂದಿರಬಹುದು. ಮೆಲ್ಲಗೆ ಎಳೆದಾಗ ಕಡ್ಡಿ ಹಿಡಿದುಕೊಂಡರೆ ಮಾತ್ರ ಬೇರು ಬಂದಿದೆ ಎಂದರ್ಥ. ಅಮೃತಬಳ್ಳಿ ಎಲ್ಲಕ್ಕಿಂತ ಗಟ್ಟಿ ಜೀವ. ಹಿತ್ತಿಲಲ್ಲಿ ಅದರ ಬುಡ ಕಡಿದುಹೋದಾಗಲೂ ಮೇಲಿನ ಬಳ್ಳಿ ದಾರದಂಥ ಬೇರುಗಳನ್ನು ಗಾಳಿಯಲ್ಲೇ ನೆಲದವರೆಗೆ ಇಳಿಬಿಟ್ಟಿದ್ದನ್ನು ನೋಡಿದ್ದೇನೆ.

ತುಳಸಿಯಲ್ಲಿ ಕೆಲವು ಕಪ್ಪಾದವು. ಉಳಿದವು ಹಿಡಿದವು. ಚಿಕ್ಕಮ್ಮ ಫೋನಿನಲ್ಲಿ ಮೊದಲು ಕೇಳಿದ್ದು ಪಚ್ಚೆತೆನೆಯನ್ನು. ಅವರ ಹೊಸ ಮನೆಯ ಅಡಿಗೆಮನೆಗೆ ಪೂರ್ವದ ಕಿಟಕಿ ಇದೆಯಂತೆ, ಅಲ್ಲಿಗೆ ಒಂದು ಕುಂಡ ಸಿದ್ಧವಾಗುತ್ತಿದೆ. ಆಡುಸೋಗೆ ಆಳೆತ್ತರದ ಪೊದೆಯಾಗುವುದರಿಂದ ಅದಕ್ಕೆ ನೆಲವೇ ಬೇಕು. ನಮ್ಮ ಅಪಾರ್ಟ್‌ಮೆಂಟಿನವರು ಕಾಂಪೌಂಡಿನ ಪಕ್ಕ ಜಾಗ ಕೊಡಲು ಒಪ್ಪಿದ್ದಾರೆ, ಮುಂದಿನ ವಾರ ಗುಂಡಿ ತೋಡಬೇಕು.